ನಿಂತ ಫೋಟೊ

ನಮ್ಮ ಪತ್ರಿಕೆಯಲ್ಲಿ ಬದುಕಿದ್ದವರು ನಿಂತಿರುತ್ತಿದ್ದರು, ಇಲ್ಲವೇ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಸತ್ತವರು ಮಾತ್ರ ಪಾಸ್‌ಪೋರ್ಟ್ ಅಳತೆಯಲ್ಲಿ ಬರುತ್ತಿದ್ದರು. ಜಿಲ್ಲಾ ಪುಟದ ಬಲಗಡೆ ಕೆಳಮೂಲೆಯಲ್ಲಿ ‘ನಿಧನ’ ಎಂಬ ತಲೆಬರಹ, ಅದರಡಿ ಒಂದು ಸಣ್ಣ ಮುಖ, ದಪ್ಪ ಅಕ್ಷರದಲ್ಲಿ ಹೆಸರು, ಹೆಸರಿನ ಕೆಳಗೆ ಊರು. ಮಂತ್ರಿಗಳ ಮುಖದ ಮಾತು ಬೇರೆ, ಅವು ಪುಟದ ಮೇಲಿನ ಅರ್ಧದಲ್ಲೇ ಮೆರೆಯುತ್ತಿದ್ದವು. ಯಾರೂ ಕೂತು ಬರೆದ ನಿಯಮವಲ್ಲ ಇದು, ಆದರೆ ಬಳ್ಳಾರಿಯಿಂದ ಸಿರುಗುಪ್ಪದ ತನಕ ಪೇಪರು ಮುಟ್ಟುವ ಎಲ್ಲರಿಗೂ ಗೊತ್ತಿತ್ತು. ಅಕ್ಷರ ಬಾರದವರೂ ಹೋಟೆಲಿನಲ್ಲಿ ಪೇಪರು ತಿರುವಿ, ಮೊದಲು ಆ ಮೂಲೆಗೆ ಬೆರಳಿಟ್ಟು, “ಇವತ್ತು ಯಾರು ಹೋದ್ರಪಾ?” ಎಂದು ಪಕ್ಕದವರನ್ನು ಕೇಳುತ್ತಿದ್ದರು.

ಆ ಮೂಲೆಯ ಯಜಮಾನಿ ನಾನು. ಬಳ್ಳಾರಿ ಕಚೇರಿಯಲ್ಲಿ ಜಿಲ್ಲಾ ಪುಟ ಕಟ್ಟುವ ಉಪಸಂಪಾದಕಿ. ಹಳ್ಳಿಯ ಏಜೆಂಟರು ಸುದ್ದಿ, ಫೋಟೊಗಳನ್ನು ಕವರಿಗೆ ಹಾಕಿ ಬಸ್ಸಿನ ಡ್ರೈವರ್ ಕೈಗೆ ಕೊಡುತ್ತಿದ್ದರು, ನಮ್ಮವರು ಬಸ್ ಸ್ಟ್ಯಾಂಡಿಗೆ ಹೋಗಿ ಇಸಿದುಕೊಂಡು ಬರುತ್ತಿದ್ದರು. ಅಚ್ಚಾದ ಮೇಲೆ ನಿಧನದ ಫೋಟೊಗಳನ್ನು ಎಸೆಯಲು ಮನಸ್ಸು ಬಾರದೆ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಡುತ್ತಿದ್ದೆ. ಮನೆಯವರು ಯಾವತ್ತಾದರೂ ವಾಪಸ್ ಕೇಳಿಯಾರು ಅಂತ. ಒಬ್ಬರೂ ಬಂದಿರಲಿಲ್ಲ.

ಅದು ಗಣಿಯ ಕಾಲ. ಪಾರ್ವತಿನಗರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಕೆಳಗಿನ ಭಾಗವನ್ನು ಅದಿರಿನ ಕಂಪನಿಯೊಂದು ಆಫೀಸು ಮಾಡಿಕೊಂಡಿತ್ತು. ಬೆಳಿಗ್ಗೆ ಬಿಳಿ ಬಟ್ಟೆ ಒಣಗಹಾಕಿದರೆ ಸಂಜೆಗೆ ಅದು ಕಾವಿಯಾಗುತ್ತಿತ್ತು. ನಮ್ಮ ಕಚೇರಿಯ ವರದಿಗಾರರೆಲ್ಲ ಗಣಿಯ ಹಿಂದೆ, ಲಾರಿಯ ಹಿಂದೆ, ದೊಡ್ಡ ಕಾರುಗಳ ಹಿಂದೆ ಓಡುತ್ತಿದ್ದರು. ಬೆಂಗಳೂರಿನ, ದಿಲ್ಲಿಯ ಟಿವಿಯವರು ವ್ಯಾನು ತಂದು ಬೀದಿ ತುಂಬ ನಿಲ್ಲಿಸುತ್ತಿದ್ದರು. ನಾನು, ನನ್ನ ಡಬ್ಬಿ, ನನ್ನ ಸತ್ತವರು ಮಾತ್ರ ತಣ್ಣಗೆ ಒಂದು ಮೂಲೆಯಲ್ಲಿದ್ದೆವು.

ಒಂದು ದಿನ ಮುಖ್ಯ ಕಚೇರಿಯಿಂದ ಅಪ್ಪಣೆ ಬಂತು. ಪ್ರತಿ ಆವೃತ್ತಿಯೂ ಸೋಷಿಯಲ್ ಮೀಡಿಯಾದಲ್ಲಿ ತನ್ನದೊಂದು ಪೇಜು ತೆರೆಯಬೇಕು, ಜನರ ಜೊತೆ ಮಾತಾಡಬೇಕು. ಸಂಪಾದಕರು ಕನ್ನಡಕ ಒರೆಸಿಕೊಳ್ಳುತ್ತ ಎಲ್ಲರ ಮುಖ ನೋಡಿದರು. ಎಲ್ಲರೂ ಅರ್ಜೆಂಟಾಗಿ ಕೀಬೋರ್ಡ್ ಕುಟ್ಟತೊಡಗಿದರು. ಕ್ರೈಂ ವರದಿಗಾರ ಮಾತ್ರ ತಲೆ ಎತ್ತಿ ಹೇಳಿದ:

“ನಮಗೆಲ್ಲೈತಿ ಸಾರ್ ಟೈಮು? ಅಕ್ಕಾಗ ಕೊಡ್ರಿ. ಸತ್ತವರು ಏನೂ ಗಡಿಬಿಡಿ ಮಾಡಂಗಿಲ್ಲ.”

ಎಲ್ಲರೂ ಕಿಸಕ್ಕೆಂದರು. ನನಗೆ ಮೈಯೆಲ್ಲ ಉರಿದುಹೋಯಿತು. “ಕೊಡ್ರಿ ಸಾರ್, ಮಾಡಿ ತೋರಸ್ತೀನಿ. ನಾಳೆ ಇವರ ಗಣಿ ಸುದ್ದೀನೂ ನನ್ನ ಪೇಜಿಗೆ ಹಾಕಾಕ ಇವರು ನನ್ನ ಟೇಬಲ್ ಮುಂದ ಕ್ಯೂ ನಿಲ್ಲಬೇಕು,” ಎಂದೆ. ಹಾಗೆಂದವಳಿಗೆ ಪೇಜು ಅಂದರೆ ಏನೆಂದು ಆ ಹೊತ್ತಿಗೆ ಅರ್ಧವೇ ಗೊತ್ತಿತ್ತು. ಮಿಕ್ಕರ್ಧ ಕಲಿತರಾಯಿತು ಅನ್ನುವ ಧೈರ್ಯ ನನ್ನದು, ಅದು ಹುಟ್ಟಿನಿಂದ ಬಂದದ್ದು.

ಮೊದಲ ದಿನವೇ ಮುಗ್ಗರಿಸಿದೆ. ಪತ್ರಿಕೆಗೆ ಕಟ್ಟಿದ ಸುದ್ದಿಯನ್ನು ಹಾಗೇ ಎತ್ತಿ ಪೇಜಿಗೆ ಹಾಕಿದರೆ, ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳಿಗೆ ಟೋಪಿ ತೊಡಿಸಿ ಬಾಲ ಹಚ್ಚಿದಂಥ ಏನೋ ಒಂದು ಬಂತು. ನಮ್ಮ ಆಫೀಸಿನ ಹಳೆಯ ಫಾಂಟು ನಮ್ಮ ಕಂಪ್ಯೂಟರಿಗೆ ಮಾತ್ರ ಅರ್ಥವಾಗುತ್ತದೆ, ಹೊರಗಿನ ಲೋಕಕ್ಕೆ ಯೂನಿಕೋಡ್ ಬೇಕು ಎಂದು ತಿಳಿಯಿತು. ಬದಲಾಯಿಸುವ ಸಾಫ್ಟ್‌ವೇರ್ ಹುಡುಕಿ ತಂದು ಹಾಕಿಕೊಂಡೆ. ಅದು ಒತ್ತಕ್ಷರಗಳನ್ನು ನುಂಗುತ್ತಿತ್ತು, ಕೈಯಿಂದ ಒಂದೊಂದೇ ತಿದ್ದಿದೆ. ಅಂತೂ ಕಂಪ್ಯೂಟರಿನಲ್ಲಿ ಕನ್ನಡ ಕನ್ನಡವಾಗಿ ಕಂಡಿತು. ಆಗ ಸಿರುಗುಪ್ಪದ ಏಜೆಂಟ್ ಫೋನು ಮಾಡಿ, “ಅಕ್ಕಾ, ನನ್ನ ಮೊಬೈಲಿನಾಗ ಬರೇ ಡಬ್ಬಿ ಡಬ್ಬಿ ಕಾಣ್ತಾವಲ್ರಿ,” ಎಂದ. ಆ ಕಾಲದ ಮೊಬೈಲುಗಳಿಗೆ ಕನ್ನಡವೇ ಬರುತ್ತಿರಲಿಲ್ಲ. ಹಳ್ಳಿಯವರ ಕೈಯಲ್ಲಿ ಇದ್ದದ್ದೆಲ್ಲ ಅಂಥವೇ.

ಇದಕ್ಕೆ ನಾನು ಕಂಡುಕೊಂಡ ದಾರಿಯ ಬಗ್ಗೆ ಇವತ್ತಿಗೂ ನನಗೆ ಹೆಮ್ಮೆಯಿದೆ. ಅಕ್ಷರವನ್ನು ಅಕ್ಷರವಾಗಿ ಕಳಿಸುವುದೇ ಬೇಡ, ಚಿತ್ರವಾಗಿ ಕಳಿಸೋಣ. ಪುಟ ಕಟ್ಟುವ ಸಾಫ್ಟ್‌ವೇರಿನಲ್ಲಿ, ನಮ್ಮ ಪತ್ರಿಕೆಯದೇ ಅಕ್ಷರದಲ್ಲಿ, ಸುತ್ತ ಗೆರೆ ಹಾಕಿ ಸಣ್ಣ ಪೆಟ್ಟಿಗೆಯಂತೆ ಸುದ್ದಿ ಕಟ್ಟಿ, ಅದನ್ನು ಫೋಟೊ ಮಾಡಿ ಪೇಜಿಗೇರಿಸಿದೆ. ಎಂಥ ಅಗ್ಗದ ಮೊಬೈಲಿನಲ್ಲೂ ಕಂಡಿತು. ಅಣೆಕಟ್ಟೆಯ ನೀರಿನ ಮಟ್ಟ, ಕರೆಂಟು ಹೋಗುವ ಹೊತ್ತು, ಲಾರಿ ಸಾಲಿನಿಂದ ಬಂದಾದ ರಸ್ತೆ, ಬದಲಾದ ಬಸ್ಸಿನ ದಾರಿ, ಇವನ್ನೆಲ್ಲ ಹಾಕತೊಡಗಿದೆ. ಬರೆದವರಿಗೆಲ್ಲ ಉತ್ತರ ಕೊಟ್ಟೆ, ಬೈದವರನ್ನು ಅಳಿಸಲಿಲ್ಲ. “ನಿಮ್ಮ ಪೇಪರು ಬಜ್ಜಿ ಕಟ್ಟಾಕೂ ಬರಲ್ಲ” ಎಂದು ಬರೆದ ಒಬ್ಬನಿಗೆ, “ಪೇಜಿನಲ್ಲಂತೂ ಕಟ್ಟೋಕಾಗಲ್ಲ, ಓದಿ ನೋಡಿ” ಎಂದು ಬರೆದೆ. ಮರುದಿನದಿಂದ ಅವನೇ ನನ್ನ ಪೇಜಿನ ದೊಡ್ಡ ಅಭಿಮಾನಿ. ಕ್ರೈಂ ವರದಿಗಾರ ತನ್ನ ಸುದ್ದಿ ಹಿಡಿದು ನನ್ನ ಟೇಬಲ್ಲಿನ ಹತ್ತಿರ ಸುಳಿದಾಡತೊಡಗಿದ. “ಕ್ಯೂ ಅಲ್ಲಿಂದ,” ಎಂದು ಬಾಗಿಲು ತೋರಿಸಿದೆ.

ಹೀಗೆ ಗಾಳಿಯಲ್ಲಿ ಹಾರುತ್ತಿದ್ದಾಗಲೇ ದೇಶನೂರಿನ ತಾಯಿ ಮಗಳು ಬಂದದ್ದು.

ಅವರನ್ನು ಕರೆತಂದವನು ಅದೇ ಸಿರುಗುಪ್ಪದ ಏಜೆಂಟ್. ತಾಯಿ ಭತ್ತದ ನಾಟಿಗೆ ಹೋಗುವ ಹೆಂಗಸು, ಗಟ್ಟಿ ಮೈ, ಅದಕ್ಕಿಂತ ಗಟ್ಟಿ ದನಿ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗ ಅದಿರು ಲಾರಿಯ ಡ್ರೈವರ್, ಬಳ್ಳಾರಿಯಿಂದ ಆಂಧ್ರದ ಬಂದರಿಗೆ ಲೋಡು ಹೊಡೆಯುವವನು. ಅವನು ಹಾಗೆ ಲೋಡಿಗೆ ಹೋಗಿದ್ದಾಗ, ಕುರುಗೋಡಿನ ಹತ್ತಿರದ ಬಾದನಹಟ್ಟಿಯಿಂದ ತಂಗಿಗೆ ಒಳ್ಳೆಯ ಸಂಬಂಧ ಬಂದು, ಸೋದರಮಾವ ಮಾತುಕೊಟ್ಟುಬಿಟ್ಟಿದ್ದ. ಮಗ ವಾಪಸ್ ಬಂದು ಕೇಳಿದವನೇ ಊಟದ ತಟ್ಟೆ ಬಿಟ್ಟೆದ್ದನಂತೆ.

“‘ನಾನು ಮನಿ ಗಂಡಸ ಅಲ್ಲೇನು? ನನ್ನ ಒಂದು ಮಾತು ಕೇಳದ ನನ್ನ ತಂಗಿ ನಿಕಾಹ್ ನಿಶ್ಚಯ ಮಾಡ್ತೀರೇನು? ನಾನು ಸತ್ತೀನಿ ಅಂತ ತಿಳ್ಕಳ್ರಿ,’ ಅಂದು ಹೋದವ ಹೋದ, ಯವ್ವಾ,” ಎಂದಳು ತಾಯಿ. “ಲಾರಿ ಮಾಲಕರನ್ನ ಕೇಳಿದ್ರ, ಲೋಡು ಇಳಿಸಿ ಗಾಡಿ ಕ್ಲೀನರ್ ಕೈಯಾಗ ಕೊಟ್ಟು ಕೆಲಸ ಬಿಟ್ಟ ಅಂತಾರ. ಫೋನು ಹತ್ತವಲ್ದು. ಠಾಣೆಗೆ ಹೋದ್ರ, ‘ಡ್ರೈವರ್ ಅಲ್ಲೇನವ್ವ, ಬರ್ತಾನ ಬಿಡು’ ಅಂದು ಕಳಿಸಿದ್ರು.”

ಮಗಳು ಅಲ್ಲಿಯ ತನಕ ಸೆರಗಿನ ತುದಿ ಸುತ್ತುತ್ತ ಕೂತಿದ್ದಳು. ನಿಕಾಹ್ ಯಾವಾಗ ಎಂದು ನಾನು ಕೇಳಿದ್ದಕ್ಕೆ ತಲೆ ಎತ್ತಿದಳು. “ಮುಂದಿನ ತಿಂಗಳು ಅಂತಾರಕ್ಕಾ. ನಾನು ಒಲ್ಲೆ ಅಂದೀನಿ. ಒಳಗ ಬಂದು ‘ಒಪ್ಪಿಗಿ ಐತೇನವ್ವ’ ಅಂತ ಕೇಳಾಕ ಹುಡುಗಿ ಕಡೆಯಿಂದ ಒಬ್ಬ ವಕೀಲ ಬೇಕಲ್ರಿ. ಅಪ್ಪ ಇಲ್ಲ ಅಂದ್ರ ಅಣ್ಣನ ಕೇಳಬೇಕು. ನಮ್ಮಣ್ಣ ಬಂದು ಕೇಳಿದ್ರ ಹ್ಞೂಂ ಅಂತೀನಿ. ಬ್ಯಾರೆ ಯಾರು ಕೇಳಿದ್ರೂ ನನ್ನ ಬಾಯಿಂದ ಮಾತು ಬರಂಗಿಲ್ಲ.”

“ನೋಡ್ರಿ ಹೆಂಗ ಹಟ ಮಾಡ್ತಾಳ,” ಎಂದಳು ತಾಯಿ. “ಬಾದನಹಟ್ಟಿಯವರು ಎಷ್ಟು ದಿನ ಕಾಯ್ತಾರ? ಆ ಸಂಬಂಧ ತಪ್ಪಿದ್ರ ಇವಳು ಹಂಗ ಉಳೀತಾಳ, ಅವ ಹೋದಾಂವ ಹೋಗೇ ಬಿಡ್ತಾನ. ಎರಡೂ ಮಕ್ಕಳು ಕೈತಪ್ಪಿದಂಗ ನನಗ.” ಆ ಗಟ್ಟಿ ದನಿ ಅಲ್ಲಿ ಒಡೆಯಿತು. 

ಕಾಣೆಯಾದವರ ಪ್ರಕಟಣೆ ಪೊಲೀಸರ ಕಡೆಯಿಂದ ಬಂದರೆ ಮಾತ್ರ ಪತ್ರಿಕೆಗೆ, ಅದು ಸಂಪಾದಕರ ಮಾತು. ಪೇಜು ನನ್ನದು, ಅಲ್ಲಿ ಹಾಕುತ್ತೇನೆ ಎಂದೆ. ಫೋಟೊ ಕೇಳಿದೆ. ತಾಯಿ ಎಲೆ ಅಡಿಕೆ ಚೀಲದಿಂದ ತೆಗೆದುಕೊಟ್ಟಳು. ಲೈಸೆನ್ಸಿಗೆಂದು ತೆಗೆಸಿದ್ದ ಪಾಸ್‌ಪೋರ್ಟ್ ಫೋಟೊ. ಕ್ಯಾಮೆರಾ ಕಂಡರೆ ಓಡುತ್ತಾನಂತೆ ಪುಣ್ಯಾತ್ಮ, ಅದೊಂದೇ ಇದ್ದದ್ದು. ಅದನ್ನು ಸ್ಕ್ಯಾನ್ ಮಾಡಿ, ಮೇಲೆ ‘ಹುಡುಕಿಕೊಡಿ’ ಎಂದು, ಕೆಳಗೆ ದಪ್ಪ ಅಕ್ಷರದಲ್ಲಿ ಹೆಸರು, ಊರು, ಅದರ ಕೆಳಗೆ ವಿವರ, ಆಫೀಸಿನ ಫೋನ್ ನಂಬರ್ ಹಾಕಿ, ಸುತ್ತ ಗೆರೆ ಎಳೆದು ಪೇಜಿಗೇರಿಸಿದೆ. ಸಂಜೆಯೊಳಗೆ ಜನ ಹಂಚಿದರು, ಹಂಚಿದ್ದನ್ನು ಇನ್ನಷ್ಟು ಜನ ಹಂಚಿದರು. ಪೇಪರಿಗೆ ಇಲ್ಲದ ಕಾಲು ಇದಕ್ಕಿದೆಯಲ್ಲ ಎಂದು ಬೀಗುತ್ತ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಆಫೀಸಿಗೆ ಕಾಲಿಡುವ ಮೊದಲೇ ಏಜೆಂಟನ ಫೋನು.

“ಏನು ಮಾಡಿಬಿಟ್ರಿ ಅಕ್ಕಾ! ದೇಶನೂರಾಗ ಅಳಾಕ ಹತ್ಯಾರ. ಡ್ರೈವರ್ ಸತ್ತನಂತ ಊರೆಲ್ಲ ಸುದ್ದಿ ಆಗೈತಿ. ನಿಮ್ಮ ಪೇಪರಿನಾಗ ಬಂದೈತಿ ಅಂತಾರ.”

“ಪೇಪರಿನಾಗ ಎಲ್ಲಿ ಬಂದೈತಿ? ಹುಡುಕಿಕೊಡ್ರಿ ಅಂತ ಅಲ್ಲೇನು ನಾನು ಹಾಕಿದ್ದು?”

“ಮೊಬೈಲಿನಾಗ ಅಷ್ಟು ಎಲ್ಲಿ ಕಾಣ್ತದ್ರಿ? ಮುಖ ಕಾಣ್ತದ, ಹೆಸರು ಕಾಣ್ತದ, ಊರು ಕಾಣ್ತದ.”

ಅಷ್ಟೇ ಸಾಕಾಗಿತ್ತು. ಆಗೆಲ್ಲ ನೆಟ್ ಇದ್ದವರು ಕಡಿಮೆ, ಊರಿಗೊಬ್ಬಿಬ್ಬರು. ಉಳಿದವರ ಮೊಬೈಲಿಗೆ ಹಾಡು, ಫೋಟೊ ತುಂಬಿಸಿಕೊಡುವ ಅಂಗಡಿಗಳಿದ್ದವು. ಕುರುಗೋಡಿನ ಅಂಥ ಅಂಗಡಿಯವನೊಬ್ಬ ನನ್ನ ಪೆಟ್ಟಿಗೆಯನ್ನು ಪೇಜಿನಿಂದ ಇಳಿಸಿಕೊಂಡು, ಮೊಬೈಲಿಗೆ ಹೊಂದುವಷ್ಟು ಕುಗ್ಗಿಸಿ, ಹಾಡಿನ ಜೊತೆ ಪುಕ್ಕಟೆ ಹಂಚಿದ್ದ. ಅವರಿಂದ ಬ್ಲೂಟೂತಿನಲ್ಲಿ ಇನ್ನೊಬ್ಬರಿಗೆ, ಮತ್ತೊಬ್ಬರಿಗೆ ದಾಟಿತ್ತು. ಬೆಂಕಿಪೊಟ್ಟಣದಷ್ಟಿದ್ದ ಆ ಪರದೆಗಳಲ್ಲಿ ‘ಹುಡುಕಿಕೊಡಿ’ ಎನ್ನುವುದು ಇರುವೆ ಸಾಲಾಗಿತ್ತು. ನಮ್ಮ ಪತ್ರಿಕೆಯ ಅಕ್ಷರ, ಪಾಸ್‌ಪೋರ್ಟ್ ಮುಖ, ದಪ್ಪ ಹೆಸರು, ಊರು. ವರ್ಷಗಟ್ಟಲೆ ನಾನೇ ಆ ಮೂಲೆಯಲ್ಲಿ ಊರಿಗೆಲ್ಲ ಕಲಿಸಿದ ಪಾಠವನ್ನು ಊರು ಸರಿಯಾಗಿಯೇ ಓದಿತ್ತು.

ಸಂಪಾದಕರಿಗೆ ಹೇಳಿದೆ. “ಮೊದಲು ಅದನ್ನ ತೆಗಿಯಮ್ಮ,” ಎಂದರು. “ಒಂದು ವಿಷಾದ ಹಾಕು, ಮುಗಿಸು. ಪೇಜು ಸ್ವಲ್ಪ ದಿನ ಮುಚ್ಚಿಡು.” ಕ್ರೈಂ ವರದಿಗಾರ ಈ ಸಲ ನಗಲಿಲ್ಲ, ಅದು ಇನ್ನೂ ಕೆಟ್ಟದ್ದಾಗಿತ್ತು.

ಕಂಪ್ಯೂಟರಿನ ಮುಂದೆ ಕೂತು ಅಳಿಸುವ ಗುಂಡಿಯ ಮೇಲೆ ಮೌಸಿನ ಬಾಣ ಇಟ್ಟೆ. ಒತ್ತಲಿಲ್ಲ. ನಾನು ಪೇಜಿನಿಂದ ಅಳಿಸಬಹುದು, ಜನರ ಜೇಬಿನ ಮೊಬೈಲಿನಿಂದ ಹೇಗೆ ಅಳಿಸಲಿ? ಪೇಜಿನಲ್ಲೂ ಇಲ್ಲವಾದರೆ, ಅವನ ಬಗ್ಗೆ ಊರು ನೋಡಿದ ಕೊನೆಯ ಸುದ್ದಿ ಸಾವೇ ಆಗಿ ಉಳಿಯುತ್ತದೆ. ವಿಷಾದ ಎನ್ನುವ ಒಣ ಸಾಲನ್ನು ಯಾರು ಬ್ಲೂಟೂತಿನಲ್ಲಿ ಹಂಚುತ್ತಾರೆ? ಒಂದು ಫೋಟೊ ಕೆಡಿಸಿದ್ದನ್ನು ಇನ್ನೊಂದು ಫೋಟೊದಿಂದಲೇ ಸರಿಪಡಿಸಬೇಕು. ‘ಈತ ಬದುಕಿದ್ದಾನೆಂದು ನಂಬಿದ್ದೇವೆ, ಇದು ಹುಡುಕಾಟದ ಪ್ರಕಟಣೆ’ ಎಂದು ಮೇಲೆ ಬರೆದು ಹಾಗೇ ಬಿಟ್ಟೆ.

“ಸಾರ್, ನಾನು ದೇಶನೂರಿಗೆ ಹೋಗ್ತೀನಿ. ಕ್ಯಾಮೆರಾ ಬೇಕು,” ಎಂದೆ. ಬೇಡವೆನ್ನಲು ಅವರು ಬಾಯಿ ತೆರೆಯುವಷ್ಟರಲ್ಲಿ ಕ್ಯಾಮೆರಾ ನನ್ನ ಹೆಗಲಿಗೆ ಬಂದಿತ್ತು.

ಸಿರುಗುಪ್ಪದ ಬಸ್ಸು ಹಿಡಿದು, ಅಲ್ಲಿಂದ ಟಂಟಂ ಆಟೊ ಹತ್ತಿದೆ. ಎರಡೂ ಕಡೆ ನಾಟಿಯ ಗದ್ದೆ, ಹೆಂಗಸರು ಬಗ್ಗಿ ಸಸಿ ಊರುತ್ತಿದ್ದರು. ಮನೆಯ ಮುಂದೆ ಟವೆಲ್ಲು ಹೊದ್ದ ಗಂಡಸರು. ಒಳಗೆ ಅಳು. ಅಂಗಳದಲ್ಲಿ ಬಾದನಹಟ್ಟಿಯ ಬೀಗರು ಬಂದು ಕೂತಿದ್ದರು, ಪಕ್ಕದಲ್ಲಿ ಬಟ್ಟೆ ಮುಚ್ಚಿದ ದೊಡ್ಡ ಪಾತ್ರೆ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಎಂದು ಅನ್ನ, ಬೇಳೆ-ಮಾಂಸದ ದಾಲ್ಚ ಮಾಡಿಸಿಕೊಂಡು ಬಂದಿದ್ದರು. ಇನ್ನೂ ಬೀಗತನ ಆಗಿರಲೇ ಇಲ್ಲ, ಆದರೂ ಬಂದಿದ್ದರು.

ತಾಯಿ ನನ್ನನ್ನು ಕಂಡವಳೇ ಎದ್ದು ಬಂದು ನನ್ನ ಎರಡೂ ತೋಳು ಹಿಡಿದಳು. “ಯವ್ವಾ, ಹುಡುಕಿಕೊಡು ಅಂತ ಕೊಟ್ರ ನನ್ನ ಮಗನ್ನ ಸಾಯಿಸಿ ಕೊಟ್ಟೇನವ್ವ?”

“ಸತ್ತಿಲ್ಲಮ್ಮ! ಯಾರೂ ಸತ್ತಿಲ್ಲ. ನಿನ್ನ ಮಗ ಸತ್ತ ಅನ್ನೋ ಸುದ್ದಿ ಎಲ್ಲಿಂದಲೂ ಬಂದಿಲ್ಲ. ನಾನು ಬರೆದಿದ್ದು ಹುಡುಕ್ರಿ ಅಂತ,” ಎಂದು ಎಲ್ಲರಿಗೂ ಕೇಳುವಂತೆ ಕೂಗಿದೆ. ದೊಡ್ಡದಾಗಿ ಮುದ್ರಿಸಿ ತಂದಿದ್ದ ಹಾಳೆಯನ್ನು ಬಿಡಿಸಿ, ಒಂದೊಂದು ಸಾಲನ್ನೂ ಓದಿ ಹೇಳಿದೆ.

ಬಾದನಹಟ್ಟಿಯ ಮದುವೆ ಹುಡುಗನ ತಂದೆ, ಬಿಳಿ ಗಡ್ಡದ ತಣ್ಣನೆಯ ಮನುಷ್ಯ, ಹಾಳೆ ಇಸಿದುಕೊಂಡು ನೋಡಿ ನೋಡಿ ನನ್ನ ಮುಖ ನೋಡಿದರು.

“ಮತ್ತ ಸಣ್ಣ ಫೋಟೊ ಯಾಕ ಹಾಕಿದ್ರಿ?”

ಅಲ್ಲಿದ್ದ ಎಲ್ಲರೂ “ಹೌದಲ್ರಿ” ಎಂದು ತಲೆಯಾಡಿಸಿದರು.

ತಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ನನ್ನ ಮೇಲಿದ್ದ ಸಿಟ್ಟು ಮಗನ ಕಡೆ ತಿರುಗಿದ್ದು ಅವಳ ಮುಖದಲ್ಲೇ ಕಂಡಿತು. “ಆ ಭಾಡಕೋ ಹೋಗುವಾಗ ಏನಂದ? ಸತ್ತೀನಿ ಅಂತ ತಿಳ್ಕಳ್ರಿ ಅಂದ. ತಿಳ್ಕಂಡ್ವಿ! ಎದಿ ಬಡ್ಕಂಡು ಅತ್ವಿ! ಎಲ್ಲಿ ಅದಾನೋ ಬಂದು ನೋಡ್ಲಿ ಈಗ. ನನ್ನ ಫೋಟೊ ಹೊಡಿ ನೀನು. ದೊಡ್ಡದು ಹೊಡಿ. ನಿಂತಿದ್ದು ಹೊಡಿ.”

ಮಗಳು ಬಾಗಿಲಿಗೆ ಬಂದು ನಿಂತಳು. “ನಾನೂ ನಿಂದರತೀನಿ.”

“ನೀ ಒಳಗ ನಡಿ. ಮದುವಿ ಆಗೋ ಹುಡುಗಿ ಫೋಟೊ ಊರಾಗಿನ ಗಂಡಸರ ಮೊಬೈಲಿನಾಗೆಲ್ಲ ತಿರುಗಬೇಕೇನು?”

“ನನ್ನ ಸಲುವಾಗಿ ಸಿಟ್ಟು ಮಾಡಿ ಹೋಗ್ಯಾನಮ್ಮ. ನಾನ ಕರೀಬೇಕು.”

ಎಲ್ಲರ ಕಣ್ಣೂ ಹುಡುಗನ ತಂದೆಯ ಮೇಲೆ ಬಿತ್ತು. ಅವರು ಗಡ್ಡ ನೀವಿಕೊಂಡು ಹೇಳಿದರು: “ಬಾ ತಾಯಿ, ನಿಂದರು. ನಮ್ಮ ಮನಿಗೆ ಬರೋ ಸೊಸಿ, ಅಣ್ಣನ ಕರ್ಯಾಕ ನಿಂತಾಳ. ಅದರಾಗ ತಪ್ಪೇನೈತಿ?” ನಾನು ಆ ಮನುಷ್ಯನಿಗೆ ಮನಸ್ಸಿನಲ್ಲೇ ಕೈಮುಗಿದೆ. ಹುಡುಗಿಯನ್ನು ಇನ್ನೊಮ್ಮೆ ಕೇಳಿದೆ, ಈ ಫೋಟೊ ಎಲ್ಲಿಯ ತನಕ ಹೋಗುತ್ತದೋ ನನ್ನ ಕೈಯಲ್ಲಿಲ್ಲ ಎಂದು ಬಿಡಿಸಿ ಹೇಳಿದೆ. “ಬಂದರಿನ ತನಕ ಹೋದ್ರ ಸಾಕಕ್ಕಾ,” ಎಂದಳು.

ತಾಯಿ ಮುಂದೆ, ಮಗಳು ತಲೆ ತುಂಬ ಸೆರಗು ಹೊದ್ದು ಹಿಂದೆ, ಒಂದು ಕೈ ತಾಯಿಯ ಹೆಗಲ ಮೇಲೆ. ತಲೆಯಿಂದ ಕಾಲಿನ ತನಕ ಬರುವಂತೆ ಹಿಂದೆ ಸರಿದು ಸರಿದು ತೆಗೆದೆ. ಮುಗಿದ ಮೇಲೆ ತಾಯಿ ಪಾತ್ರೆಯ ಬಟ್ಟೆ ತೆಗೆದಳು. “ಸತ್ತವರು ಯಾರೂ ಇಲ್ಲ, ಅನ್ನ ಯಾಕ ಕೆಡಸ್ತೀರಿ? ಉಣ್ರೆಲ್ಲ,” ಎಂದಳು. ಅಳಲು ಬಂದವರೂ, ಅತ್ತವರೂ, ನಾನೂ ಒಟ್ಟಿಗೆ ಕೂತು ಉಂಡೆವು. ದಾಲ್ಚ ಬಹಳ ಚೆನ್ನಾಗಿತ್ತು.

ವಾಪಸ್ ಬಂದು ಹೊಸ ಪೆಟ್ಟಿಗೆ ಕಟ್ಟಿದೆ. ಪೆಟ್ಟಿಗೆಯೂ ಅಲ್ಲ, ಗೆರೆಯನ್ನೇ ತೆಗೆದೆ. ಪತ್ರಿಕೆಯ ಅಕ್ಷರವನ್ನೂ ಬದಲಿಸಿದೆ. ನನ್ನ ಹಳೆಯ ಮೊಬೈಲನ್ನು ಪಕ್ಕದಲ್ಲಿಟ್ಟುಕೊಂಡು, ಅದರ ಪರದೆಯಲ್ಲಿ ಕೈ ಚಾಚಿ ಹಿಡಿದರೂ ಓದಲು ಬರುವ ತನಕ ಅಕ್ಷರ ಹಿಗ್ಗಿಸುತ್ತ ಹೋದೆ. ಹಿಗ್ಗಿಸಿದಷ್ಟೂ ಮಾತು ಕಡಿಮೆ ಮಾಡಬೇಕಾಯಿತು. ಕೊನೆಗೆ ಉಳಿದದ್ದು ಇಷ್ಟು: “ನೀ ಸತ್ತಿಲ್ಲ. ಮನಿಗೆ ಬಾ.” ಅದರ ಕೆಳಗೆ ಅವನ ಹೆಸರು, ಫೋನ್ ನಂಬರ್. ಪತ್ರಿಕೆಯ ಕೆಲಸದಲ್ಲಿ ನಾನು ಬರೆದ ಅತಿ ಸಣ್ಣ ಸುದ್ದಿ ಅದು.

ಪೇಜಿಗೆ ಹಾಕಿ ಸುಮ್ಮನೆ ಕೂರಲಿಲ್ಲ. ಕುರುಗೋಡಿಗೆ ಹೋಗಿ ಆ ಹಾಡಿನ ಅಂಗಡಿಯವನ ಎದುರು ನಿಂತೆ. ಅವನು ನನ್ನನ್ನು ಕಂಡು ಕುರ್ಚಿಯಿಂದ ಅರ್ಧ ಎದ್ದ.

“ಬೈಬ್ಯಾಡ್ರಿ ಅಕ್ಕಾ, ಒಳ್ಳೇದಾಗ್ಲಿ ಅಂತ ಹಂಚೀನಿ.”

“ಬೈಯಾಕ ಬಂದಿಲ್ಲಪಾ. ನೀನು ಕೆಟ್ಟ ಸುದ್ದಿ ಅಷ್ಟು ಜಲ್ದಿ ಮುಟ್ಟಿಸೀದಿ. ಒಳ್ಳೆ ಸುದ್ದಿ ಎಷ್ಟು ಜಲ್ದಿ ಮುಟ್ಟಸ್ತಿ ಅಂತ ನೋಡಾಕ ಬಂದೀನಿ.”

ಅವನ ಮುಖ ಅರಳಿತು. ಲಾರಿಯವರು ದೂರದ ಲೋಡಿಗೆ ಹೊರಡುವ ಮೊದಲು ದಾರಿಗೆಂದು ಹಾಡು ತುಂಬಿಸಿಕೊಳ್ಳುತ್ತಿದ್ದರು. ಯಾವ ಮೆಮೊರಿ ಕಾರ್ಡು ಬಂದರೂ ಮೊದಲು ನನ್ನ ಫೋಟೊ, ಆಮೇಲೆ ಹಾಡು ಎಂದು ಒಪ್ಪಿಕೊಂಡ. ಸಿರುಗುಪ್ಪದ, ಬಳ್ಳಾರಿಯ ತನ್ನಂಥ ಅಂಗಡಿಯವರಿಗೂ ಅವನೇ ಫೋನು ಮಾಡಿ ಹೇಳಿದ. ಪೇಜು ತಲುಪದ ಕಡೆ ಲಾರಿ ತಲುಪುತ್ತದೆ, ಲಾರಿಯೇ ನನ್ನ ನೆಟ್‌ವರ್ಕ್ ಎಂದು ಆಫೀಸಿನಲ್ಲಿ ಎದೆ ತಟ್ಟಿ ಹೇಳಿದೆ.

ಫೋನುಗಳು ಬಂದವು. ಹೊಸಪೇಟೆಯಲ್ಲಿ ನೋಡಿದೆ ಎಂದವನೊಬ್ಬ, ವಿಚಾರಿಸಿದರೆ ಅವನು ಕಂಡದ್ದು ಬೇರೆ ಯಾರನ್ನೋ. ಪೇಜಿನಲ್ಲಿ ಒಬ್ಬ, “ಮಣ್ಣು ಆಗಿ ಬಹಳ ದಿನ ಆಯಿತು, ಮೇಡಂ” ಎಂದು ತನಗೆಲ್ಲ ಗೊತ್ತಿರುವಂತೆ ಬರೆದ. ಎಲ್ಲಿ, ಯಾರು ಮಾಡಿದರು ಎಂದು ನಾನು ಬಿಡದೆ ಕೇಳಿದ ಮೇಲೆ ಕಾಣೆಯಾದ. ಇನ್ನೊಂದು ಕಡೆ ದೇಶನೂರಿನ ಸೋದರಮಾವ, ತಾರೀಖು ಹತ್ತಿರ ಬಂತು, ಹುಡುಗಿಗೆ ಬುದ್ಧಿ ಹೇಳಿ, ಇಲ್ಲವಾದರೆ ಬಾದನಹಟ್ಟಿಯವರ ಒಳ್ಳೆಯತನಕ್ಕೂ ಒಂದು ಮಿತಿ ಇದೆ ಎಂದು ನನಗೇ ಫೋನು ಮಾಡಿದ. ಹುಡುಗಿಗೆ ಹೇಳಿದೆ. “ಅಣ್ಣ ಬರ್ತಾನ,” ಎಂದಷ್ಟೇ ಹೇಳಿ ಫೋನು ಇಟ್ಟಳು. ಅವಳ ನಂಬಿಕೆ ನೋಡಿ ನನಗೆ ಹೆದರಿಕೆಯಾಗುತ್ತಿತ್ತು. ನಾನು ಹೆದರಿದ್ದು ಅಪರೂಪ.

ಪುಟ ಕಟ್ಟುತ್ತಿದ್ದ ಒಂದು ಮಧ್ಯಾಹ್ನ ಫೋನು ಬಂತು. ತೆಲುಗು. “ಅಮ್ಮಾ, ಪೇಪರ್ ಆಫೀಸಾ? ಇಕ್ಕಡ ಒಕ ಡ್ರೈವರ್ ಉನ್ನಾಡು,” ಎಂದ ಯಾವನೋ ಹೋಟೆಲಿನವನು. ನಾನೂ ತೆಲುಗಿನಲ್ಲೇ, ಡ್ರೈವರ್ ಅಲ್ಲೇ ಇದ್ದಾನಾ, ಅವನ ಕೈಗೆ ಫೋನು ಕೊಡು ಎಂದೆ. ಫೋನು ಕೈ ಬದಲಾಯಿತು. ಹಿಂದೆ ಲಾರಿಗಳ ಹಾರ್ನು.

“ಯಾರ್ರೀ ಅದು ನನ್ನ ಸಾಯಿಸಿದವರು?”

“ನಾನ,” ಎಂದೆ. “ನೀನ ಹೇಳಿ ಹೋಗಿದ್ದಿ ಅಂತಲ್ಲ ಸತ್ತೀನಿ ಅಂತ ತಿಳ್ಕಳ್ರಿ ಅಂತ?”

ಆಮೇಲೆ ಅವನೇ ಒಂದೊಂದಾಗಿ ಹೇಳಿದ. ಬಂದರಿನಲ್ಲೇ ಇನ್ನೊಬ್ಬರ ಗಾಡಿ ಹತ್ತಿ, ಅದಿರಿನ ರಾಶಿಯಿಂದ ಹಡಗುಕಟ್ಟೆಗೆ ಲೋಡು ಹೊಡೆಯುತ್ತಿದ್ದನಂತೆ. ಸಿಮ್ ಬದಲಿಸಿದ್ದ. ಬಳ್ಳಾರಿಯ ಲಾರಿಯವನೊಬ್ಬ ಚಹಾ ಕುಡಿಯುತ್ತ ಇವನ ಮುಖ ನೋಡಿ, “ಲೇ, ನೀ ಸತ್ತಿದ್ದಿ ಅಲ್ಲೇನೋ!” ಎಂದು ಮೊಬೈಲು ತೆಗೆದು ಎರಡೂ ಫೋಟೊ ತೋರಿಸಿದ್ದ. ಮೊದಲನೆಯದನ್ನು ನೋಡಿ ಸಿಟ್ಟು ಬಂದಿತ್ತು. ಎರಡನೆಯದನ್ನು ನೋಡಿ ಫೋನು ಮಾಡಿದ್ದ.

“ನಮ್ಮಮ್ಮ ಬರಿಗಾಲಾಗ ನಿಂತಾಳಲ್ರಿ ಆ ಫೋಟೊದಾಗ,” ಎಂದ. ದನಿ ಸಣ್ಣದಾಗಿತ್ತು. “ನಾನು ಹೊಸ ಚಪ್ಪಲಿ ತಂದು ಕೊಟ್ಟಿದ್ನಿರಿ. ಹಾಕ್ಕಂಡಿಲ್ಲ.”

“ನೀನು ಸತ್ತಿ ಅಂತ ಎದಿ ಬಡ್ಕಂಡು ಅತ್ತಾಕಿ ಚಪ್ಪಲಿ ಹಾಕ್ಕಂತ ಕೂಡ್ತಾಳೇನೋ? ಬಾ ಊರಿಗೆ. ನಿನ್ನ ತಂಗಿ ನೀ ಕೇಳಿದ್ರ ಮಾತ್ರ ಹ್ಞೂಂ ಅಂತಾಳಂತ. ಮನಿ ಗಂಡಸ ಅಂದ್ಯಲ್ಲ, ಬಂದು ಕೇಳು.”

ಅವನು ಅಳುತ್ತಿದ್ದ. ನಾನೂ ಅಳುತ್ತಿದ್ದೆ. ಕ್ರೈಂ ವರದಿಗಾರ ಬಂದು ನನ್ನ ಮುಂದೆ ನೀರಿನ ಲೋಟ ಇಟ್ಟು ಹೋದ.

ನಿಕಾಹ್ ದಿನ ನಾನು ದೇಶನೂರಿನಲ್ಲಿ ಹೆಂಗಸರ ಕಡೆ ಕೂತಿದ್ದೆ. ಅಣ್ಣ ಸಾಕ್ಷಿಗಳ ಜೊತೆ ಒಳಗೆ ಬಂದು, ತಲೆ ತಗ್ಗಿಸಿ ನಿಂತು, ಬಾದನಹಟ್ಟಿಯ ಇಂಥವರ ಮಗ ಇಂಥವನ ಜೊತೆ ನಿನ್ನ ನಿಕಾಹ್, ಒಪ್ಪಿಗೆ ಇದೆಯೇನವ್ವ ಎಂದು ಕೇಳಿದ. ಮುಸುಕಿನೊಳಗಿಂದ ಸದ್ದೇ ಇಲ್ಲ. ಮತ್ತೆ ಕೇಳಿದ. ಸದ್ದಿಲ್ಲ. ಅವನ ಹಣೆಯಲ್ಲಿ ಬೆವರು. ಕೊನೆಗೆ ಮುಸುಕು ಮೆಲ್ಲಗೆ ಹೇಳಿತು: “ಇನ್ನೊಮ್ಮೆ ಬಿಟ್ಟು ಹೋಗ್ತಿಯೇನು?”

“ಇಲ್ಲವ್ವ.”

“ಹ್ಞೂಂ,” ಎಂದಳು. ಹೆಂಗಸರೆಲ್ಲ ಒಟ್ಟಿಗೆ ಉಸಿರು ಬಿಟ್ಟು ನಕ್ಕರು.

ಊಟ ಮುಗಿದ ಮೇಲೆ ಕ್ಯಾಮೆರಾ ತೆಗೆದೆ. ಅವನು ಓಡಲು ನೋಡಿದ. ಹುಡುಗನ ತಂದೆ ರಟ್ಟೆ ಹಿಡಿದು ತಂದು ಚಪ್ಪರದ ಕಂಬದ ಪಕ್ಕ ನಿಲ್ಲಿಸಿದರು. ತಲೆಯಿಂದ ಕಾಲಿನ ತನಕ ತೆಗೆದೆ. ಪಕ್ಕದಲ್ಲಿ ಹೊಸ ಚಪ್ಪಲಿ ಹಾಕಿಕೊಂಡ ತಾಯಿ. ಆ ಫೋಟೊಗೆ ಒಂದು ಅಕ್ಷರವನ್ನೂ ಬರೆಯದೆ ಪೇಜಿಗೆ ಹಾಕಿದೆ. ನಿಂತಿದ್ದನಲ್ಲ, ಊರಿಗೆ ಅರ್ಥವಾಯಿತು. ಅದರ ನಂತರ ಯಾರ ಮುಖವನ್ನೂ ನಾನು ಪೇಜಿಗೆ ಪಾಸ್‌ಪೋರ್ಟ್ ಅಳತೆಯಲ್ಲಿ ಹಾಕಲಿಲ್ಲ. ಹುಡುಕುವವರು ಬಂದರೆ ಮೊದಲು, ನಿಂತ ಫೋಟೊ ಇದ್ದರೆ ಕೊಡಿ ಅನ್ನುತ್ತಿದ್ದೆ.

ಹೊರಡುವಾಗ ತಾಯಿ ನನ್ನ ಕೈ ಹಿಡಿದಳು. “ಯವ್ವಾ, ಆ ಸಣ್ಣ ಫೋಟೊ ಎಲ್ಲಿಟ್ಟಿ?”

ಅದು ನನ್ನ ಚೀಲದಲ್ಲೇ ಇತ್ತು. ಸ್ಕ್ಯಾನ್ ಆದ ಮೇಲೆ ಅಭ್ಯಾಸಬಲದಿಂದ ಅದನ್ನೂ ಬಿಸ್ಕತ್ತಿನ ಡಬ್ಬಿಗೇ ಹಾಕಿಬಿಟ್ಟಿದ್ದೆ. ಆ ಬೆಳಿಗ್ಗೆ ಡಬ್ಬಿ ತೆರೆದು, ಅಷ್ಟೂ ಮುಖಗಳ ನಡುವೆ ಹುಡುಕಿ ತಂದಿದ್ದೆ. ಅವಳ ಅಂಗೈಯಲ್ಲಿಟ್ಟೆ. ಆ ಡಬ್ಬಿಯಿಂದ ಮನೆಗೆ ವಾಪಸ್ ಹೋದದ್ದು ಅದೊಂದೇ.

ಮಗ ತಾಯಿಯ ಭುಜದ ಮೇಲಿಂದ ಬಗ್ಗಿ ನೋಡಿದ. “ಇದರಾಗ ಖರೇನ ಸತ್ತವನಂಗ ಕಾಣ್ತೀನಲ್ರಿ ಅಕ್ಕಾ,” ಎಂದ.

“ಬಾಯಿ ಮುಚ್ಚಲೇ,” ಎಂದು ತಾಯಿ ಅವನ ಬೆನ್ನಿಗೊಂದು ಗುದ್ದಿದಳು. ಗುದ್ದಿದ ಕೈಯನ್ನು ಅಲ್ಲಿಂದ ತೆಗೆಯಲಿಲ್ಲ.